ಹದಿನೇಳನೆಯ ಹಿಮ್ಮಡಿ

"ಬಾಯಿ ಮುಚ್ಚಿ!"

ಅವನು ಅವಳಿಗೆ ಆಡಿದ ಮೊಟ್ಟಮೊದಲ ಮಾತು ಇದು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ... ನೇರವಾಗಿ ಬಾಯಿ ಮುಚ್ಚಿ!

ಪಾಪ, ಅವಳು ಹೇಳಹೊರಟಿದ್ದಾದರೂ ಏನು? "ಸಾರ್, ಹೋದ ವಾರ ಒಳಗೆ ನನ್ನ ಕಾಲಿಗೆ ಮಾಡಿದ್ರಲ್ಲ, ಆ..." ಎಂದಿದ್ದಳು. ಅಷ್ಟಕ್ಕೇ ಅವನು ಕುರ್ಚಿಯಿಂದ ಎದ್ದು ನಿಂತು ಎರಡೂ ಕಿವಿ ಮುಚ್ಚಿಕೊಂಡಿದ್ದ.

"ಒಳಗೆ ಏನು ಮಾಡಿದ್ರು ಅನ್ನೋದು ನನ್ನ ಕಿವಿಗೆ ಬೀಳಬಾರದು. ಬಿದ್ರೆ ನಿಮ್ಮನ್ನ ಪಟ್ಟಿಯಿಂದ ತೆಗೆದುಹಾಕ್ಬೇಕಾಗುತ್ತೆ. ಅರ್ಥ ಆಯ್ತಾ?"

"ಮೆಲ್ಲಗೆ ಹೇಳಿದ್ರೂ ಅರ್ಥ ಆಗುತ್ತೆ ಸಾರ್. ನನಗೆ ನೋವಿರೋದು ಹಿಮ್ಮಡೀಲಿ, ಕಿವೀಲಲ್ಲ."

ಅವನ ಮುಖ ನಾಚಿಕೆಯಿಂದ ಕೆಂಪಾಯಿತು. ಅವಳದು ಕೋಪದಿಂದ ಆಗಲೇ ಕೆಂಪಾಗಿತ್ತು. 'ಇವನ ಜಂಭ ನೋಡು! ಕಾಲು ಒತ್ತಿ ನೋಡೋನಿಗೆ ಇಷ್ಟು ದರ್ಪನಾ?' ಎಂದುಕೊಂಡಳು.

ತಪ್ಪು ಅವನದಲ್ಲ, ಅಲ್ಲಿನ ಪದ್ಧತಿಯೇ ಹಾಗಿತ್ತು. ವರ್ಷಗಟ್ಟಲೆ ಹಿಮ್ಮಡಿ ನೋವು ತಿಂದ ನಲವತ್ತು ಜನರನ್ನು ಆ ಆಸ್ಪತ್ರೆ ಆರಿಸಿಕೊಂಡಿತ್ತು. ಅರ್ಧ ಜನಕ್ಕೆ ಅವರದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ಹಿಮ್ಮಡಿಗೆ ಚುಚ್ಚುತ್ತಿದ್ದರು. ಉಳಿದರ್ಧ ಜನಕ್ಕೆ ಪಿಸ್ತೂಲಿನಂಥ ಉಪಕರಣ ಒತ್ತಿ, ಟಕಟಕ ಎಂದು ಎರಡು ಸಾವಿರ ಸಲ ಸದ್ದಿನ ಪೆಟ್ಟು ಕೊಡುತ್ತಿದ್ದರು. ಎರಡರ ಗುರಿಯೂ ಒಂದೇ, ಅಂಗಾಲಿನೊಳಗೆ ಸವೆದ ನಾರು ತಾನಾಗಿ ಮತ್ತೆ ಬೆಳೆಯಬೇಕು.

ಎರಡರಲ್ಲಿ ಯಾವುದು ಮೇಲು? ಅದನ್ನು ತಿಳಿಯಲು ದೊಡ್ಡ ಡಾಕ್ಟರಮ್ಮ ಒಂದು ಕಟ್ಟುನಿಟ್ಟು ಮಾಡಿದ್ದರು. ನೋವು ಅಳೆಯುವವನಿಗೆ ಯಾರಿಗೆ ಯಾವ ಚಿಕಿತ್ಸೆ ಎಂಬ ಸುಳಿವೂ ಸಿಗಬಾರದು. ಗೊತ್ತಾದರೆ ಮನಸ್ಸು ಒಂದು ಕಡೆ ವಾಲುತ್ತದಲ್ಲ! ಅದಕ್ಕೇ ಎಲ್ಲರಿಗೂ ತುಂಬುತೋಳಿನ ಬೂದು ಅಂಗಿ, ಮೊಣಕೈಯ ಸೂಜಿ ಗುರುತು ಕಾಣದಂತೆ. ಎಲ್ಲರ ಎರಡೂ ಹಿಮ್ಮಡಿಗೆ ಒಂದೇ ಥರದ ಪಟ್ಟಿ. ಕರೆಯುವುದು ನಂಬರಿನಿಂದ. ಅವಳು ಹದಿನೇಳು.

ಅವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಅರವತ್ತು ಪದರ ಬಟ್ಟೆ ಹಾಸಿ, ಒಂದೇ ಏಟಿಗೆ ಅರವತ್ತು ತೋಳು ಕತ್ತರಿಸುವವಳು. ಆ ಮೇಜಿನ ಮುಂದೆ ಹೆಣ್ಣೊಬ್ಬಳು ನಿಂತದ್ದು ಅಲ್ಲಿ ಅದೇ ಮೊದಲು, ನಿಂತು ಹನ್ನೊಂದು ವರ್ಷವಾಗಿತ್ತು. ಬಾಯಿಯೂ ಹರಿತ, ಅದಕ್ಕೇ ಜೊತೆಯವರು ಇಟ್ಟ ಹೆಸರು ಕತ್ತರಿ.

ಈಗ ಎರಡು ವರ್ಷದಿಂದ ಬೆಳಗ್ಗೆ ಮೊದಲ ಹೆಜ್ಜೆ ಊರಿದರೆ ಕಣ್ಣಲ್ಲಿ ನೀರು. ಕಾರ್ಖಾನೆಯ ಯಜಮಾನಿ ಮೊನ್ನೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಮೂರು ತಿಂಗಳು ನೋಡ್ತೀನಿ ಕತ್ತರಿ. ನಿಲ್ಲೋಕಾದ್ರೆ ಮೇಜು ನಿಂದು. ಆಗ್ದಿದ್ರೆ ಮೂಲೇಲಿ ಕೂತು ಗುಂಡಿ ಹೊಲಿ."

ಗುಂಡಿ! ಹನ್ನೊಂದು ವರ್ಷದ ಮೇಲೆ ಗುಂಡಿ!

ಪ್ರತಿ ಗುರುವಾರ ಅಳತೆ. ಅವನು ಹೆಬ್ಬೆರಳಿನಿಂದ ಹಿಮ್ಮಡಿಯ ಮಧ್ಯಕ್ಕೆ ಒತ್ತುವುದು, ಅವಳು ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳುವುದು. ರೋಗಿಗಳೆಲ್ಲ ಅವನನ್ನು ಅಳತೆ ಸಾರ್ ಎನ್ನುತ್ತಿದ್ದರು.

ಮೊದಲ ವಾರ "ಎಂಟು" ಎಂದಳು. ಎರಡನೆಯ ವಾರವೂ ಎಂಟು. ಅವನ ಮುಖ ಸಪ್ಪಗಾಯಿತು. ಮುಚ್ಚಿಡಲು ನೋಡಿದ, ಆದರೆ ಅವನ ಮುಖ ಏನನ್ನೂ ಮುಚ್ಚಿಡುವ ಜಾತಿಯದಲ್ಲ.

ನಾಲ್ಕನೆಯ ವಾರ ನಿಜಕ್ಕೂ ಒಂಚೂರು ಕಡಿಮೆ ಇತ್ತು. "ಏಳು," ಎಂದಳು.

ಅವನು ನಕ್ಕ.

ಅಯ್ಯೋ, ಅದೇನು ನಗು! ಲಾಟರಿ ಹೊಡೆದದ್ದು ತನಗೇ ಎನ್ನುವ ಹಾಗೆ... ಅವಳು ನೋಡುತ್ತಲೇ ಉಳಿದಳು. ತನ್ನ ಒಂದು ಮಾತಿಗೆ ಯಾರಾದರೂ ಇಷ್ಟು ಸಂತೋಷಪಟ್ಟು ಎಷ್ಟು ಕಾಲವಾಯಿತು? ಮನೆಯಲ್ಲಿದ್ದದ್ದು ಒಬ್ಬಳೇ ಅಕ್ಕ, ಅವಳ ನಾಲಿಗೆಯಿಂದ ಒಳ್ಳೆಯ ಮಾತು ಬಿದ್ದದ್ದು ಯಾರಿಗೂ ನೆನಪಿಲ್ಲ.

ಐದನೆಯ ವಾರ ನೋವು ಮತ್ತೆ ಎಂಟಾಗಿತ್ತು. ಬಾಯಿ ತೆರೆದಳು. ಅವನು ಪೆನ್ನು ಹಿಡಿದು, ಕಣ್ಣರಳಿಸಿ ಕಾಯುತ್ತಿದ್ದ.

"ಆರು," ಎಂದುಬಿಟ್ಟಳು.

ಅದೇ ನಗು! 'ಒಂದೆರಡು ಹೆಚ್ಚುಕಮ್ಮಿ ಆದ್ರೆ ಆಕಾಶ ಬಿದ್ದುಹೋಗುತ್ತಾ?' ಎಂದು ತನಗೆ ತಾನೇ ಹೇಳಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ ನೋಡಿ.

ಅಳತೆ ಮುಗಿದ ಮೇಲೆ ಎರಡು ಮಾತು ಶುರುವಾಯಿತು. ಕಾಲಿನ ಸುದ್ದಿ ಬಿಟ್ಟು ಬೇರೆಲ್ಲ. ಇವತ್ತು ಏನು ಕತ್ತರಿಸಿದ್ರಿ? ನರ್ಸುಗಳ ಅಂಗಿ. ಎಷ್ಟು? ಮುನ್ನೂರು. ಅಬ್ಬಾ!

ಕಾಯುವ ಕೋಣೆಯಲ್ಲಿ ರೋಗಿಗಳು ಪಿಸುಗುಟ್ಟಿಕೊಂಡು ಎರಡು ಪಂಗಡವಾಗಿದ್ದರು. ರಕ್ತದವರು, ಸದ್ದಿನವರು. ನಂಬರ್ ಒಂಬತ್ತು, ನಿವೃತ್ತ ಬಸ್ ಡ್ರೈವರ್ ತಾತ, ಸದ್ದಿನವರ ಮುಖಂಡ. "ನಿಮ್ಮ ಸೂಜಿ ಒಂದಿನದ ನರಕ, ಆಮೇಲೆ ವಾರ ಕಾಯಿ. ನಮ್ಮದು ಐದು ನಿಮಿಷ ಸುತ್ತಿಗೆ ಪೆಟ್ಟು, ಎದ್ದು ಮನೆಗೆ ಹೋಗು," ಎಂದು ಹೀಯಾಳಿಸುತ್ತಿದ್ದ. ರಕ್ತದವಳಾದ ಅವಳು ಸುಮ್ಮನಿರುವಳೇ? "ಪೆಟ್ಟು ತಿಂದು ಬುದ್ಧಿ ಕಲಿಯೋರಿಗೆ ಅದೇ ಸರಿ ತಾತ," ಎನ್ನುತ್ತಿದ್ದಳು. ಆದರೆ ಆ ಹರಿತವೆಲ್ಲ ಅಳತೆಯ ಕೋಣೆಯ ಬಾಗಿಲವರೆಗೆ ಮಾತ್ರ.

ಐದು. ನಾಲ್ಕು. ಮೂರು.

ಹತ್ತನೆಯ ವಾರ ಅವನು ತಲೆ ತಗ್ಗಿಸಿಕೊಂಡೇ ಹೇಳಿದ. "ಇನ್ನೆರಡು ವಾರ. ಅಲ್ಲೀವರೆಗೆ ನಿಮ್ಮ ಜೊತೆ ಒಂದು ಲೋಟ ಟೀ ಕುಡಿಯೋಕೂ ನನಗೆ ಹಕ್ಕಿಲ್ಲ. ಕೊನೆ ಅಳತೆ ಆದ್ಮೇಲೆ..."

"ಆದ್ಮೇಲೆ?"

"ನಡೆಯೋಕೆ ಹೋಗೋಣ್ವಾ? ಹೊಳೆ ದಂಡೆ ಉದ್ದಕ್ಕೂ. ನೀವು ನಡೆಯೋದನ್ನ ನೋಡ್ಬೇಕು ನಾನು."

ನಡೆಯೋದನ್ನ! ಅವಳು ತಲೆಯಾಡಿಸಿದಳು. ಆ ದಿನ ಬಸ್ಸಿನಿಂದ ಮನೆಯವರೆಗಿನ ನೂರು ಹೆಜ್ಜೆಗೆ ಮೂರು ಕಡೆ ಗೋಡೆ ಹಿಡಿದು ನಿಂತಿದ್ದಳು.

ಡಾಕ್ಟರಮ್ಮ ಮೊದಲೇ ಹೇಳಿದ್ದರು, ಹನ್ನೆರಡನೆಯ ವಾರಕ್ಕೂ ನೋವು ಇಳಿಯದವರಿಗೆ ಇನ್ನೊಂದು ಚಿಕಿತ್ಸೆಯನ್ನೂ ಕೊಡುತ್ತೇವೆ ಎಂದು. ನಿಜ ಹೇಳಿದರೆ ಅವಳಿಗೆ ಸದ್ದಿನ ಪೆಟ್ಟು ಸಿಗುತ್ತಿತ್ತು. ಕಾಲು ಉಳಿಯಬಹುದಿತ್ತು, ಮೇಜೂ ಉಳಿಯಬಹುದಿತ್ತು. ಆದರೆ ಮತ್ತೆ ಹನ್ನೆರಡು ವಾರ ಅವನು ಅಳತೆಗಾರ, ಇವಳು ಹದಿನೇಳು. 'ಅಷ್ಟರಲ್ಲಿ ಅವರ ಮನಸ್ಸು ಬದಲಾದ್ರೆ?' ಎಂಬ ಭಯ ಅವಳನ್ನು ತಿಂದುಹಾಕಿತು.

ಕೊನೆಯ ಗುರುವಾರ ಬಂತು.

"ಎಷ್ಟು?"

"ಸೊನ್ನೆ!"

"ನಿಜವಾಗ್ಲೂ? ಹಾಗಾದ್ರೆ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ. ಹತ್ತು ಸಲ."

ಎತ್ತಿದಳು. ಒಂದಕ್ಕೆ ಹಲ್ಲು ಕಚ್ಚಿದಳು. ಐದಕ್ಕೆ ಕಣ್ಣು ಕತ್ತಲೆ ಬಂತು. ಹತ್ತಕ್ಕೆ... ನಕ್ಕಳು! ಅವನು ಕಾಗದದ ಮೇಲೆ ಸೊನ್ನೆ ಬರೆದು, ಅದರ ಕೆಳಗೆ 'ವಾಸಿಯಾಗಿದೆ' ಎಂದು ಬರೆದು ಸಹಿ ಹಾಕಿದ.

ಅವತ್ತೇ ಸಂಜೆ ಹೊಳೆ ದಂಡೆ.

ನೋಡಿ, ಪ್ರೀತಿಸಿದವನ ಜೊತೆ ಮೊದಲ ಸಲ ನಡೆಯುವುದೆಂದರೆ ನೆಲವೇ ಸಿಗುವುದಿಲ್ಲ ಎನ್ನುತ್ತಾರೆ. ಇವಳಿಗೆ ನೆಲ ಸಿಕ್ಕಿತು, ಒಂದೊಂದು ಅಂಗುಲವೂ ಸಿಕ್ಕಿತು. ಕಲ್ಲು ಹಾಸಿನ ದಾರಿ. ಪ್ರತಿ ಹೆಜ್ಜೆಗೂ ಹಿಮ್ಮಡಿಯೊಳಗೆ ಮೊಳೆ ಹೊಡೆದ ಹಾಗೆ. ಅವನು ಖುಷಿಯಲ್ಲಿ ಬೀಸುಹೆಜ್ಜೆ ಹಾಕುತ್ತಿದ್ದ.

"ಸುಸ್ತಾಯ್ತಾ?"

"ಇಲ್ಲಪ್ಪ!"

"ಇನ್ನೂ ಸ್ವಲ್ಪ ದೂರ?"

"ಎಷ್ಟು ದೂರ ಬೇಕಾದ್ರೂ."

ದಾರಿಯಲ್ಲಿ ಅವನು ತನ್ನ ಕಥೆ ಹೇಳಿದ. ಮದುವೆಯಾಗಿತ್ತು. ನಾಲ್ಕು ವರ್ಷ, ದಿನಾ ಸಂಜೆ ಹೆಂಡತಿಯನ್ನು 'ಹೇಗಿದೀಯ' ಎಂದು ಕೇಳುತ್ತಿದ್ದ. ದಿನಾ ಅವಳು 'ಚೆನ್ನಾಗಿದೀನಿ' ಎನ್ನುತ್ತಿದ್ದಳು. ಒಂದು ದಿನ ಪೆಟ್ಟಿಗೆ ತುಂಬಿಕೊಂಡು ಹೊರಟೇಹೋದಳು. ಒಂದು ದಿನವೂ ಚೆನ್ನಾಗಿರಲಿಲ್ಲವಂತೆ.

"ಊರವರ ನೋವನ್ನೆಲ್ಲ ಅಳೆಯೋ ನನಗೆ ಮನೆಯೊಳಗಿನ ನೋವು ಕಾಣಲಿಲ್ಲ," ಎಂದ. ಆಮೇಲೆ ಅವಳ ಕಡೆ ತಿರುಗಿ, "ಅದಕ್ಕೇ ನೀವು ನನಗೆ ಇಷ್ಟ. ಮೊದಲನೇ ದಿನವೇ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ರಿ. ಇದ್ದದ್ದನ್ನ ಇದ್ದ ಹಾಗೆ ಹೇಳೋರು ನೀವು."

ಅವಳು ಹೊಳೆಯ ಕಡೆ ಮುಖ ಮಾಡಿದಳು. 'ಈಗ ಹೇಳಿಬಿಡ್ಲಾ? ಹೇಳಿದ್ರೆ ಇಲ್ಲೇ ಮುಗೀತು...' ಹೇಳಲಿಲ್ಲ. ನಕ್ಕು ಮುಂದೆ ನಡೆದಳು.

ಸೇತುವೆಗೆ ಹತ್ತುವ ಮೆಟ್ಟಿಲು. ಮೂರನೆಯದಕ್ಕೆ ಕಾಲಿಟ್ಟು ಮೈಭಾರ ಹಾಕಿದಳು. ಟಪ್ ಎಂಬ ಸದ್ದು... ಮೊದಲು ಅವಳಿಗೆ ಚಪ್ಪಲಿ ಕಿತ್ತುಹೋಯಿತು ಅನ್ನಿಸಿತು.

ಚಪ್ಪಲಿಯಲ್ಲ. ಅವಳು ಕುಸಿದು ಕೂತಳು. ಹಿಮ್ಮಡಿಯಿಂದ ಬೆರಳಿನವರೆಗೆ ಪಾದವನ್ನು ಎಳೆದು ಹಿಡಿಯುವ ನಾರು ಹರಿದಿತ್ತು. ಆ ಸದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಂಡಿಯೂರಿ ಅವಳ ಪಾದ ಹಿಡಿದು, ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿದ. ಅವಳು ಕಿರುಚಿದಳು.

ಅವನು ನಿಧಾನವಾಗಿ ತಲೆ ಎತ್ತಿದ.

"ಇದು ಇವತ್ತಿಂದಲ್ಲ. ಯಾವತ್ತಿಂದ?"

ಅವಳು ಪಾದ ಎಳೆದುಕೊಳ್ಳಲು ನೋಡಿದಳು.

"ಯಾವತ್ತಿಂದ ಅಂತ ಕೇಳ್ದೆ!"

"ವಾಸೀನೇ ಆಗಿರಲಿಲ್ಲ..."

"ಆ ಆರು? ಐದು? ಮೂರು?"

"ಎಲ್ಲಾ ಸುಳ್ಳು."

ಅವನ ಮುಖ ಹಾಗೆ ಕಲ್ಲಾಗಬಲ್ಲದು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ಕಾಲು, ಹಾಳುಮಾಡ್ಕೊಳ್ಳಿ. ಆದ್ರೆ ನಿಮಗೆ ಕೊಟ್ಟಿದ್ದು ಸೂಜಿನೋ ಸದ್ದೋ ನನಗೆ ಗೊತ್ತಿಲ್ಲ, ನಾಳೆ ಅದನ್ನೇ ಇನ್ನೊಬ್ಬರ ಹಿಮ್ಮಡಿಗೆ ಕೊಡ್ತಾರೆ! ಹದಿನೇಳಕ್ಕೆ ವಾಸಿ ಆಯ್ತಲ್ಲ ಅಂತ! ಅವರೂ ಹೀಗೇ ಬಿದ್ರೆ? ಆ ಸೊನ್ನೆ ಬರ್ದಿದ್ದು ನಾನು. ನನ್ನ ಕೈಯಲ್ಲಿ ಬರೆಸಿದ್ರಿ ನೀವು!"

"ನಾನು ನಿಮಗೋಸ್ಕರ..."

"ನನಗೋಸ್ಕರ ಅಂತ ಹೇಳ್ಬೇಡಿ! ಅವಳೂ ಹಾಗೇ ಹೇಳಿದ್ಲು. ನಿಮಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ ಅಂತ. ನೀವೂ ಅವಳೂ ಒಂದೇ."

ಕೈ ಬೀಸಿ ಟ್ಯಾಕ್ಸಿ ನಿಲ್ಲಿಸಿದ. ಅವಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದ. ಡ್ರೈವರಿಗೆ ಆಸ್ಪತ್ರೆಯ ದಾರಿ ಹೇಳಿ, ಬಾಗಿಲು ಹಾಕಿ... ಬೆನ್ನು ತಿರುಗಿಸಿ ನಿಂತುಬಿಟ್ಟ. ಅವಳು ಹಿಂದಿನ ಗಾಜಿನಿಂದ ತಿರುವು ಬರುವವರೆಗೂ ನೋಡಿದಳು. ಅವನು ಒಮ್ಮೆಯೂ ತಿರುಗಲಿಲ್ಲ.

ಮೊಣಕಾಲವರೆಗೆ ಗಟ್ಟಿ ಬೂಟು ತೊಡಿಸಿ ಕಳಿಸಿದರು. ಅಕ್ಕ ಬಾಗಿಲಲ್ಲೇ ಶುರುಮಾಡಿದಳು. "ಕಾಲು ಮುರ್ಕೊಂಡು ಗಂಡು ಹುಡ್ಕಿದೋಳು ನೀನೊಬ್ಳೇ ಕಣೇ! ಸಿಕ್ಕಿದ್ನಾ? ಬೂಟು ಸಿಕ್ತು. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ನೆ ಹೇಳಿಲ್ಲ ಹಿರೀಕರು."

ಯಜಮಾನಿ ಫೋನಿನಲ್ಲೇ ಮುಗಿಸಿದಳು. "ಮೇಜಿಗೆ ಬೇರೆಯವನ್ನ ಹಾಕಿದೀನಿ. ಬೂಟು ಬಿಚ್ಚಿದ್ಮೇಲೆ ಬಂದು ಗುಂಡಿ ಡಬ್ಬ ತಗೋ."

ಹನ್ನೊಂದು ವರ್ಷ ಎರಡು ಮಾತಿನಲ್ಲಿ ಮುಗಿಯಿತು. ಆದರೂ ಅವಳಿಗೆ ಉರಿದದ್ದು ಅದಲ್ಲ. 'ಅವರಿಗೆ ಬೇಕಾಗಿದ್ದು ಆ ಸೊನ್ನೆ, ನಾನಲ್ಲ. ಹರಿದ ಕಾಲಿನೋಳನ್ನ ಟ್ಯಾಕ್ಸೀಲಿ ಎಸೆದು ಹೋದ್ರು...' ಎನ್ನುವುದೊಂದೇ ದಿನವಿಡೀ ತಲೆಯಲ್ಲಿ ಸುತ್ತುತ್ತಿತ್ತು.

ಎಂಟನೆಯ ದಿನ ಡಾಕ್ಟರಮ್ಮ ಕರೆಸಿದರು.

ಉದ್ದನೆಯ ಮೇಜು. ಒಂದು ತುದಿಯಲ್ಲಿ ಡಾಕ್ಟರಮ್ಮ, ಪಕ್ಕದಲ್ಲಿ ಅಂಕಿಅಂಶ ನೋಡುವ ಕನ್ನಡಕದಾಕೆ. ಇನ್ನೊಂದು ತುದಿಯಲ್ಲಿ ಅವನು, ತಲೆ ತಗ್ಗಿಸಿಕೊಂಡು. ಗಾಲಿಕುರ್ಚಿಯಲ್ಲಿ ಬಂದ ಇವಳ ಕಡೆ ನೋಡಲೂ ಇಲ್ಲ.

"ಇವರು ಒಂದು ಪತ್ರ ಬರೆದುಕೊಟ್ಟಿದಾರೆ," ಎಂದರು ಡಾಕ್ಟರಮ್ಮ. "ಸಂಖ್ಯೆ ಹೇಳೋದು ಹೇಗೆ ಅಂತ ನಿಮಗೆ ಸರಿಯಾಗಿ ವಿವರಿಸಲಿಲ್ಲವಂತೆ. ನಿಮಗೆ ಅರ್ಥ ಆಗ್ದೆ ತಪ್ಪು ಹೇಳಿದ್ರಂತೆ. ತಪ್ಪೆಲ್ಲ ತನ್ನದೇ ಅಂತಾರೆ. ನೀವು ಹೌದು ಅಂತ ಸಹಿ ಹಾಕಿದ್ರೆ, ಕಾಲು ಕೂಡಿಕೊಂಡ ಮೇಲೆ ಇನ್ನೊಂದು ಚಿಕಿತ್ಸೆ ನಿಮಗೆ ಸಿಗುತ್ತೆ."

"ಬೇಕಂತಲೇ ಸುಳ್ಳು ಹೇಳಿದ್ರೆ?"

"ಆಗ ಸಿಗಲ್ಲ," ಎಂದಳು ಕನ್ನಡಕದಾಕೆ. "ನಿಯಮ ಅಂದ್ರೆ ನಿಯಮ."

"ಸಹಿ ಹಾಕಿದ್ರೆ ಇವರಿಗೆ ಏನಾಗುತ್ತೆ?"

"ಕೆಲಸ ಹೋಗುತ್ತೆ."

ಪೆನ್ನು ಅವಳ ಮುಂದಿತ್ತು. ಒಂದು ಸಹಿ. ಮಾನ ಉಳಿಯುತ್ತದೆ, ಕಾಲಿಗೆ ಇನ್ನೊಂದು ದಾರಿ ಸಿಗುತ್ತದೆ. ಟ್ಯಾಕ್ಸಿಗೆ ಹಾಕಿ ಬೆನ್ನು ತಿರುಗಿಸಿದವನು ಹೋದರೆ ಹೋಗಲಿ!

ಅವಳು ಪೆನ್ನನ್ನು ಪಕ್ಕಕ್ಕೆ ತಳ್ಳಿದಳು.

"ನನಗೆ ಅರ್ಥ ಆಗಿತ್ತು ಮೇಡಂ. ಅರವತ್ತು ಪದರ ಬಟ್ಟೆ ನೂಲೆಳೆ ವ್ಯತ್ಯಾಸ ಇಲ್ದೆ ಕತ್ತರಿಸೋಳಿಗೆ ಹತ್ತರವರೆಗೆ ಎಣಿಸೋಕೆ ಬರಲ್ವಾ? ಬೇಕಂತಲೇ ಸುಳ್ಳು ಹೇಳಿದೆ. ನನಗೆ ಬುದ್ಧಿ ಹೇಳಿದೋರು ಈಗ ತಾವೇ ಸುಳ್ಳು ಬರ್ದಿದಾರೆ. ಹರಿದುಹಾಕಿ ಆ ಪತ್ರ."

"ಯಾಕೆ ಸುಳ್ಳು ಹೇಳಿದ್ರಿ? ಇವರು ಹೇಳಿಸಿದ್ರಾ?" ಕನ್ನಡಕದಾಕೆಯ ದನಿ ಸೂಜಿಯಂತಿತ್ತು.

"ಇಲ್ಲ. ಏಳು ಅಂದಾಗ ಇವರು ನಕ್ಕರು. ಅಷ್ಟೇ. ಆ ನಗು ಇನ್ನೊಂದು ಸಲ ನೋಡ್ಬೇಕು ಅನ್ನಿಸ್ತು. ಮತ್ತೆ ಇನ್ನೊಂದು ಸಲ..." ಅವಳ ಕೆನ್ನೆ ಸುಡುತ್ತಿತ್ತು. ಆದರೂ ನಿಲ್ಲಿಸಲಿಲ್ಲ. "ನನಗೆ ಇವರ ಮೇಲೆ ಪ್ರೀತಿ ಹುಟ್ಟಿತ್ತು. ಈಗಲೂ ಇದೆ. ಬರ್ಕೊಳ್ಳಿ."

ಕನ್ನಡಕದಾಕೆ ಬರೆದುಕೊಳ್ಳಲಿಲ್ಲ. ಡಾಕ್ಟರಮ್ಮ ಅವನ ಕಡೆ ತಿರುಗಿದರು. "ನಕ್ಯಾ ನೀನು?"

"ನಕ್ಕೆ ಮೇಡಂ," ಎಂದ ಅವನು. "ಎಲ್ಲರಿಗೂ ನಗ್ತಿದ್ದೆ. ಇವರಿಗೆ ಸ್ವಲ್ಪ ಜಾಸ್ತಿ."

"ಎಲ್ಲರಿಗೂ?"

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಎದ್ದುಹೋಗಿ ಬಾಗಿಲು ತೆಗೆದರು. ಹೊರಗೆ ಬೆಂಚಿನ ಮೇಲೆ ತಪಾಸಣೆಗೆ ಬಂದು ಕೂತಿದ್ದ ಡ್ರೈವರ್ ತಾತನನ್ನು ಕರೆದು ಕೇಳಿದರು. ತಾತ ತಲೆ ಕೆರೆದುಕೊಂಡ.

"ನಾನೂ ಒಂದೆರಡು ಕಮ್ಮಿ ಹೇಳ್ತಿದ್ದೆ ಮೇಡಂ. ಜಾಸ್ತಿ ಹೇಳಿದ್ರೆ ಆ ಹುಡುಗ ಮುಖ ಸಪ್ಪಗೆ ಮಾಡ್ಕೋತಿದ್ದ, ಪಾಪ! ನಾವೆಲ್ಲಾ ಹಾಗೇ. ಒಳ್ಳೆ ಹುಡುಗ, ಯಾಕೆ ನೋಯಿಸೋದು ಅಂತ."

ಯಾರೂ ನಗಲಿಲ್ಲ.

"ಹನ್ನೆರಡು ವಾರ. ನಲವತ್ತು ಜನ," ಡಾಕ್ಟರಮ್ಮ ಕುರ್ಚಿಗೆ ಕುಸಿದರು. "ಎಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ರಕ್ತ ಮೇಲೋ, ಸದ್ದು ಮೇಲೋ? ಗೊತ್ತಿಲ್ಲ! ಮತ್ತೆ ಮೊದಲಿಂದ ಶುರು ಮಾಡ್ಬೇಕು." ಅವನಿಗೆ ಹೇಳಿದರು, "ನೀನು ಕೆಟ್ಟವನಾಗಿದ್ರೆ ಎಷ್ಟೋ ಚೆನ್ನಾಗಿತ್ತು. ನಾಳೆಯಿಂದ ಅಳತೆ ಕೋಣೆಗೆ ಕಾಲಿಡಬೇಡ. ಬೇರೆ ಕೆಲಸ ಎಲ್ಲಾದ್ರೂ ಹುಡುಕ್ಕೋ." ಅವಳಿಗೂ ಹೇಳಿದರು, "ಹರಿದಿದ್ದು ಕೂಡುತ್ತೆ. ಆದ್ರೆ ದಿನವಿಡೀ ನಿಲ್ಲೋ ಆಸೆ ಬಿಟ್ಟುಬಿಡಿ."

ನಿಜ ಹೇಳಿದ್ದಕ್ಕೆ ಇಬ್ಬರಿಗೂ ಸಿಕ್ಕ ಬಹುಮಾನ ಇದು.

ಮಧ್ಯಾಹ್ನದ ಬಿಸಿಲು. ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲಿ ಅವಳು ಗಾಲಿಕುರ್ಚಿ ಉರುಳಿಸಲು ಹೆಣಗುತ್ತಿದ್ದಳು. ಹಿಂದಿನಿಂದ ಎರಡು ಕೈ ಬಂದು ಹಿಡಿದವು. ಹಿಡಿದ ರಭಸಕ್ಕೆ ಕುರ್ಚಿ ಹೋಗಿ ಗೋಡೆಗೆ ಗುದ್ದಿತು.

"ತಳ್ಳೋಕೆ ಬರ್ದಿದ್ರೆ ಬಿಡಿ!" ಎಂದು ರೇಗಿದಳು. ಯಾರೆಂದು ನೋಡಬೇಕಾಗಿಯೇ ಇರಲಿಲ್ಲ.

ಅವನು ಮುಂದೆ ಬಂದು ಮೆಟ್ಟಿಲ ಮೇಲೆ ಕೂತ. "ನನಗೆ ನಿಮ್ಮ ಮೇಲೆ ಇನ್ನೂ ಕೋಪ ಇದೆ."

"ಇರ್ಲಿ. ನನಗೂ ಇದೆ. ನಾಯಿನ ಸಾಗಹಾಕಿದ ಹಾಗೆ ಸಾಗಹಾಕಿದ್ರಿ ಅವತ್ತು."

"ಹೌದು. ನಿಮ್ಮ ಮುಖ ನೋಡಿದ್ರೆ ಅಲ್ಲೇ ಕ್ಷಮಿಸಿಬಿಡ್ತಿದ್ದೆ. ಕ್ಷಮಿಸೋಕೆ ಇಷ್ಟ ಇರಲಿಲ್ಲ. ಅದಕ್ಕೇ ತಿರುಗಲಿಲ್ಲ." ಅವನ ಕಣ್ಣು ತುಂಬಿತು. "ಆಮೇಲೆ ಆಸ್ಪತ್ರೆವರೆಗೂ ನಡ್ಕೊಂಡೇ ಬಂದೆ. ಗಾಜಿನಾಚೆಯಿಂದ ನೋಡಿ ವಾಪಸ್ ಹೋದೆ. ಅಷ್ಟು ಕ್ರೂರಿ ನಾನು."

ಅವಳು ಥಟ್ಟನೆ ಅವನ ಮುಖ ನೋಡಿದಳು. 'ಬಂದಿದ್ರಾ! ಎಂಟು ದಿನ ನಾನು ಏನೇನೆಲ್ಲ ಅಂದ್ಕೊಂಡೆ...'

"ಈಗ ಸುಳ್ಳು ಪತ್ರ ಯಾಕೆ ಬರೆದ್ರಿ ಮತ್ತೆ?"

"ನಿಮಗೆ ಕಾಲು ವಾಪಸ್ ಬರ್ಲಿ ಅಂತ." ತಲೆ ಅಲ್ಲಾಡಿಸಿದ. "ಬರೀವಾಗ ಗೊತ್ತಾಯ್ತು, ನೀವು ಯಾಕೆ ಸುಳ್ಳು ಹೇಳಿದ್ರಿ ಅಂತ. ಎಷ್ಟು ಸುಲಭ ಅಂತ."

ಒಬ್ಬಳಿಗೆ ಮೇಜಿಲ್ಲ, ಒಬ್ಬನಿಗೆ ಕೆಲಸವಿಲ್ಲ. ಅವನು ಅವಳ ಬೂಟುಗಾಲನ್ನು ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ.

"ನೋಯ್ತಿದೆಯಾ?"

ನಾಲಿಗೆಯ ತುದಿಗೆ 'ಇಲ್ಲ' ಬಂದೇಬಿಟ್ಟಿತ್ತು. ನುಂಗಿಕೊಂಡಳು.

"ಹೌದು. ತುಂಬಾ."

ಅವನು ನಗಲಿಲ್ಲ, ಮುಖ ಸಪ್ಪಗೆ ಮಾಡಿಕೊಳ್ಳಲೂ ಇಲ್ಲ. ಕಾಲು ಬಿಡಲಿಲ್ಲ.

"ಇದು ಬೇಗ ವಾಸಿ ಆಗಲ್ಲ," ಎಂದಳು.

"ಗೊತ್ತು."

"ಆಗದೇನೂ ಇರಬಹುದು. ಆಮೇಲೆ ನನ್ನ ದೂರಬೇಡಿ."

"ದೂರ್ತೀನಿ. ದಿನಾ ದೂರ್ತೀನಿ. ನೀನೂ ದೂರು ಕಣೇ. ಆದ್ರೆ ಚೆನ್ನಾಗಿದೀನಿ ಅಂತ ಮಾತ್ರ ಹೇಳ್ಬೇಡ."

ಮೊದಲ ಸಲ 'ಕಣೇ' ಎಂದಿದ್ದ.

"ಹಾಗಾದ್ರೆ ಈಗ ಅಳ್ಬೇಕು ನಾನು. ಮೂರು ತಿಂಗಳಿಂದ ಬಾಕಿ ಇದೆ."

"ಅಳು," ಎಂದ ಅವನು. "ನಾನು ಇಲ್ಲೇ ಕೂತಿರ್ತೀನಿ."